ಅರಿಷಿಣ ಕೆಂಪಾದ ರವಿವಾರ

ಹೋದ ವಾರ ದೇಶಪಾಂಡೆ ನಗರದ ಅಂಗಡಿಯೊಂದರಲ್ಲಿ ಸಾಬೂನು ಕೇಳಿದೆ. ಅಂಗಡಿಯವರು ಹೊಳೆಯುವ ಪೊಟ್ಟಣವೊಂದನ್ನು ಮುಂದಿಟ್ಟು, ಇದರಾಗ ಬೇವು, ಅರಿಷಿಣ, ತುಳಸಿ ಎಲ್ಲಾ ಐತ್ರಿ, ಊರ ಮಂದಿ ಇದನ್ನ ಒಯ್ಯಾಕತ್ತಾರ ಅಂದರು. ಬಿಚ್ಚಿ ನೋಡಿದರೆ ಒಳಗೆ ನಿಂಬೆಹಣ್ಣಿನಂಥ ಹಳದಿ ಬಿಲ್ಲೆ. ಮೂಸಿದೆ, ಅತ್ತರಿನ ವಾಸನೆ. ಇದರಾಗ ಅರಿಷಿಣ ಇದ್ದಂಗಿಲ್ರಿ, ಇದ್ದಿದ್ದರ ಈ ಬಣ್ಣ ಉಳೀತಿರಲಿಲ್ಲ ಅಂದೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ನೀವು ಸಾಬೂನಿನ ಕಾರಖಾನ್ಯಾಗ ಇದ್ರೇನ್ರಿ ಎಂದು ಕೇಳಿದರು. ಇಲ್ರಿ, ಕನ್ನಡ ಸಾಲಿಯಾಗ ಇದ್ದೆ ಅಂದೆ.

ಮಕ್ಕಳಿಗೆ ಕಲಿಸುತ್ತಲೇ ತಲೆ ಬೆಳ್ಳಗಾದವರಿಗೆ ಇದೊಂದು ರೋಗ. ತಪ್ಪು ಕಂಡರೆ ತಿದ್ದದೆ ಮುಂದೆ ಹೋಗಲಾರರು. ಆದರೆ ಸಾಬೂನಿನ ವಿಷಯದಲ್ಲಿ ನನಗಿರುವ ಧೈರ್ಯ ಮಾಸ್ತರಿಕೆಯಿಂದ ಬಂದದ್ದಲ್ಲ. ಒಂದು ಪಾತೇಲಿಯನ್ನೂ ನಾಲ್ಕು ಸೇರು ಸೊಕ್ಕನ್ನೂ ಕಳಕೊಂಡು ಸಂಪಾದಿಸಿದ್ದು ಅದು. ನಿಮಗೆ ಬಿಡುವಿದ್ದರೆ ಹೇಳುತ್ತೇನೆ.

ನಮ್ಮ ಮನೆ ಹುಬ್ಬಳ್ಳಿಯಲ್ಲಿ, ರೈಲು ಹಳಿಗಳ ಹಿಂದಿನ ಓಣಿಯಲ್ಲಿತ್ತು. ಅಪ್ಪ ಅರಳೆ ಗಿರಣಿಯಲ್ಲಿ ಬಡಿಗ. ಅವ್ವನ ಹೆಸರು ಫಕೀರವ್ವ. ಊರಿನ ದವಾಖಾನೆಯೊಂದರ ಹೆರಿಗೆ ವಾರ್ಡಿನಲ್ಲಿ ಆಯಾ. ಸಾಬೂನು ಅಂದರೆ ಆಗ ನಮಗೆ ಬಚ್ಚಲ ಗೂಡಿನಲ್ಲಿ ಕೂತ ಒಂದು ಕೆಂಪು ಬಿಲ್ಲೆ, ಮೂವರಿಗೂ ಅದೇ. ಅದು ಸವೆದು ಸವೆದು ಬೇವಿನ ಎಲೆಯಷ್ಟು ತೆಳ್ಳಗಾದ ಮೇಲೆ ಅವ್ವ ಅದನ್ನು ಹೊಸ ಬಿಲ್ಲೆಯ ಬೆನ್ನಿಗೆ ಒತ್ತಿ ಅಂಟಿಸುತ್ತಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ಸಾಬೂನು ಎಂದೂ ಮುಗಿಯಲೇ ಇಲ್ಲ. ನಾನು ಹುಟ್ಟುವ ಮೊದಲು ತಂದ ಬಿಲ್ಲೆಯ ಒಂದು ತುಣುಕು ನನ್ನ ಮದುವೆಯ ದಿನದವರೆಗೂ ಬಂದಿತ್ತೆಂದು ನಾನು ಈಗಲೂ ನಂಬಿದ್ದೇನೆ.

ಅವ್ವನ ತವರು ಹೆಬ್ಬಳ್ಳಿ. ಅಲ್ಲಿ ನಮ್ಮಜ್ಜಿ ಸೂಲಗಿತ್ತಿ. ಅರ್ಧ ಊರು ಆಕೆಯ ಕೈಯಲ್ಲೇ ಹುಟ್ಟಿದ್ದು. ಹಿತ್ತಲ ಬಾಗಿಲಿಗೆ ಬಂದು ಕರೆಯುತ್ತಿದ್ದರು. ಕೂಸನ್ನು ಹಿಡಿದು, ತೊಳೆದು, ಬಾಣಂತಿಯ ಮಗ್ಗುಲಲ್ಲಿ ಮಲಗಿಸಿ ಅಜ್ಜಿ ಅದೇ ಹಿತ್ತಲ ಬಾಗಿಲಿನಿಂದ ಹೊರಗೆ ಬರುತ್ತಿದ್ದಳು. ಕೂಸನ್ನು ಮುಟ್ಟಿದ ಕೈ ಆ ಮನೆಯ ಕೊಡವನ್ನು ಮುಟ್ಟುವಂತಿರಲಿಲ್ಲ. ಅವ್ವ ಇದನ್ನು ನೋಡುತ್ತ ಬೆಳೆದವಳು. ನಮ್ಮ ಓಣಿಯವರೆಲ್ಲ ಬುದ್ಧನ ದೀಕ್ಷೆ ತೆಗೆದುಕೊಂಡಾಗ ಆಕೆ ಮನೆಗೆ ಬಂದು ಗೋಡೆಗೆ ಬುದ್ಧನ ಪಟ ತೂಗಹಾಕಿ, ಅದರ ಕೆಳಗೆ ಕೂತು ಹೊಟ್ಟೆ ತುಂಬ ಊಟ ಮಾಡಿದಳು. ಭಾಷಣ ಗೀಷಣ ಏನೂ ಮಾಡಲಿಲ್ಲ. ಆದರೆ ಅಂದಿನಿಂದ ಆಕೆಯ ನಡಿಗೆ ಬದಲಾಯಿತೆಂದು ಅಪ್ಪ ಹೇಳುತ್ತಿದ್ದ.

ದವಾಖಾನೆಗೆ ಆಕೆ ಸೇರಿದ್ದು ಕಸ ಹೊಡೆಯುವ ಕೆಲಸಕ್ಕೆ. ಆರು ವರ್ಷ ಕಸಬರಿಗೆ ಹಿಡಿದ ಮೇಲೆ ಒಂದು ದಿನ ವಾರ್ಡಿನಲ್ಲಿ ಕೈ ಸಾಲದೆ ಡಾಕ್ಟರಬಾಯಿ ಈಕೆಯನ್ನು ಒಳಗೆ ಕರೆದರು. ಕೂಸನ್ನು ಹಿಡಿದ ರೀತಿ ನೋಡಿ, ಇದನ್ನ ಎಲ್ಲಿ ಕಲ್ತಿ ಅಂದರಂತೆ. ನಮ್ಮವ್ವನ ಹತ್ತರ ಅಂದಳಂತೆ ಅವ್ವ. ಅಂದಿನಿಂದ ಆಕೆ ವಾರ್ಡಿನ ಆಯಾ. ಹುಟ್ಟಿದ ಕೂಸಿಗೆ ಮೊದಲ ನೀರು ಹಾಕುವವಳು. ಸಂಜೆ ಮನೆಗೆ ಬಂದು, ಇವತ್ತ ಮೂರು ಬಂದ್ವು, ಇವತ್ತ ಐದು ಬಂದ್ವು ಎಂದು ಹೇಳುತ್ತಿದ್ದಳು, ಮನೆಗೆ ಬೀಗರು ಬಂದು ಹೋದ ಹಾಗೆ.

ಈ ಕೆಲಸಕ್ಕೇ ಸಂಚಕಾರ ಬಂದದ್ದು ಐವತ್ತೊಂಬತ್ತರಲ್ಲೋ ಅರವತ್ತರಲ್ಲೋ. ನಾನಾಗ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿ ಹಾಸ್ಟೆಲಿನಲ್ಲಿದ್ದೆ. ಶನಿವಾರ ಸಂಜೆ ರೈಲು ಹತ್ತಿ ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತಿರಲಿಲ್ಲ, ಅಪ್ಪ ಬಡಿಯುತ್ತಿದ್ದ. ಅವನ ರೊಟ್ಟಿಗಳು ಗಿರಣಿಯ ಹಲಗೆಗಳ ಹಾಗೆ ದಪ್ಪ, ಅಂಚು ಮಾತ್ರ ಬಲು ನೇರ. ಅವ್ವನ ಕೈಗಳನ್ನು ನೋಡಿದೆ. ದಿನಕ್ಕೆ ನೂರು ಸಲ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅದ್ದಿ ಬೆರಳ ಸಂದಿಯೆಲ್ಲ ಬಿರಿದು, ಎರೆಹೊಲ ಬ್ಯಾಸಗಿಯಲ್ಲಿ ಬಾಯಿ ಬಿಟ್ಟ ಹಾಗೆ ಆಗಿದ್ದವು. ಒಂದೆರಡು ಕಡೆ ಕೀವು. ಹಿಂದಿನ ದಿನ ಡಾಕ್ಟರಬಾಯಿ ನೋಡಿದ್ದರು. ಕೂಸಿನ ಹೊಕ್ಕಳಿಗೆ ಈ ಕೀವು ತಾಗಿದರೆ ಕೂಸು ಉಳಿಯುವುದಿಲ್ಲ, ಹದಿನೈದು ದಿನ ವಾರ್ಡಿನ ಹೊರಗೆ ಇರು, ಕೈ ಮಾಯ್ದರೆ ಒಳಗೆ ಬಾ, ಮಾಯದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಹೇಳಿದ್ದರು. ಅವರ ಮಾತಿನಲ್ಲಿ ತಪ್ಪಿಲ್ಲ ಎಂದು ಅವ್ವನೇ ಹೇಳಿದಳು. ಹೇಳಿ, ಮೂಲೆಯಲ್ಲಿದ್ದ ಕಸಬರಿಗೆಯ ಕಡೆ ಒಮ್ಮೆ ನೋಡಿದಳು.

ನನಗೆ ಆಗ ಹತ್ತೊಂಬತ್ತು. ತರಬೇತಿಯಲ್ಲಿ ಕೈಕಸಬಿನ ಪಾಠವೆಂದು ನಾನು ಆರಿಸಿಕೊಂಡದ್ದು ಸಾಬೂನು ಮಾಡುವುದು. ಅಲ್ಲಿ ನಮಗೆ ಕಲಿಸುವ ಅಕ್ಕೋರು ಎರಡು ಸಲ ಮಾಡಿ ತೋರಿಸಿದ್ದರು, ನಾನು ಒಂದು ಸಲ ಮಾಡಿದ್ದೆ. ಅಂದರೆ ನನ್ನ ಲೆಕ್ಕದಲ್ಲಿ ಸಾಬೂನಿನ ಬಗ್ಗೆ ಇನ್ನು ಕಲಿಯುವುದು ಏನೂ ಉಳಿದಿರಲಿಲ್ಲ. ಕಾರ್ಬಾಲಿಕ್ ಬ್ಯಾಡ, ನಾ ನಿನಗ ಬೇವು-ಅರಿಷಿಣದ ಸಾಬೂನು ಮಾಡಿಕೊಡ್ತೇನಿ, ಹದಿನೈದು ದಿನದಾಗ ಕೈ ಮಾಯ್ತಾವ ಎಂದು ಅವ್ವನಿಗೆ ಮಾತು ಕೊಟ್ಟೆ. ಅವ್ವ ಹೂಂ ಅಂದಳು. ನನ್ನ ಮೇಲಿನ ಭರವಸೆಯಿಂದಲೋ, ಬೇವಿನ ಮೇಲಿನ ಭರವಸೆಯಿಂದಲೋ ಆಗ ಕೇಳಲಿಲ್ಲ.

ಮರುದಿನ ರವಿವಾರ. ಕಾಸ್ಟಿಕ್ ಸೋಡಾ ನಾನು ಧಾರವಾಡದಿಂದಲೇ ತಂದಿದ್ದೆ. ಪರೀಕ್ಷೆಗೆ ಮುನ್ನ ಮನೆಯಲ್ಲಿ ಅಭ್ಯಾಸ ಮಾಡಿ ಎಂದು ಅಕ್ಕೋರು ಕೊಟ್ಟಿದ್ದರು. ಹಿತ್ತಲ ಬೇವಿನಿಂದ ಹಸಿ ಎಲೆ ಹರಿದು ತಂದು ನೀರಲ್ಲಿ ಕುದಿಸಿ ಕಷಾಯ ಮಾಡಿದೆ. ಅವ್ವ ಒಲೆಯ ಹತ್ತಿರ ಕೂತು, ಬೇವಿನ ಗುಣ ನೀರಿನಕಿಂತ ಎಣ್ಣಿಯಾಗ ಛಲೋ ಇಳೀತೈತಿ, ನಮ್ಮವ್ವ ಎಲಿ ನೆರಳಿಗೆ ಒಣಗಿಸಿ ಎಣ್ಣಿಯಾಗ ಹಾಕ್ತಿದ್ಲು ಎಂದು ಹೇಳಿ ನೋಡಿದಳು. ಅದು ಹಳೇ ಪದ್ಧತಿ ಅಂದುಬಿಟ್ಟೆ. ಆಮೇಲೆ ವರ್ಗದಲ್ಲಿ ನಿಂತ ಹಾಗೆ ನಿಂತು, ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹಾಕಬಾರದು ಎಂದು ಪಾಠ ಹೇಳಿದೆ. ಅಪ್ಪ ಅವ್ವ ಇಬ್ಬರೂ ಕೈಕಟ್ಟಿ ಕೇಳಿದರು.

ಕಷಾಯವನ್ನು ಬಗ್ಗಿಸಿದ್ದು ಮನೆಯ ದೊಡ್ಡ ಜರ್ಮನ್ ಪಾತೇಲಿಗೆ. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಅನ್ನುತ್ತಾರೆ. ಈ ಪಾತೇಲಿ ನಡೀತೈತೇನು ಎಂದು ಅವ್ವ ಕೇಳಿದಳು. ನಡೀತೈತಿ ಅಂದೆ. ಅಲ್ಯುಮಿನಿಯಮ್ ಪಾತ್ರೆಯನ್ನು ಕಾಸ್ಟಿಕ್ಕಿನ ಹತ್ತಿರ ತರಬಾರದೆಂದು ಅಕ್ಕೋರು ಹೇಳಿದ್ದನ್ನು ನಾನೇ ಕೈಯಾರೆ ಬರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಆ ವಹಿ ಧಾರವಾಡದ ಹಾಸ್ಟೆಲಿನಲ್ಲಿತ್ತು. ನನ್ನ ಬುದ್ಧಿಯೂ ಅದರ ಸಂಗಡ ಅಲ್ಲೇ ಉಳಿದಿತ್ತು.

ಸೋಡಾ ಬಿದ್ದ ಕೂಡಲೆ ಪಾತೇಲಿ ಬುಸುಗುಟ್ಟಿತು. ಬೂದಿ ಬಣ್ಣದ ನೊರೆ ಅಂಚು ಮೀರಿ ಎದ್ದಿತು, ಕಣ್ಣು ಮೂಗು ಉರಿಯುವ ಹೊಗೆ ಬಂತು. ಅವ್ವ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳಕೊಂಡು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಒಳಗೆ ಹೋಗಿ, ಕೋಲಿನಿಂದ ಪಾತೇಲಿಯನ್ನು ಹೊರಗೆ ತಂದು, ಮೇಲೆ ಕೊಡಗಟ್ಟಲೆ ನೀರು ಸುರುವಿದ. ಅದನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದ. ತಳದಲ್ಲಿ ನಕ್ಷತ್ರಗಳು ಕಂಡವು. ಜರಡಿ ಒಂದ ಕಡಿಮಿ ಇತ್ತು ಮನ್ಯಾಗ ಅಂದ. ನನ್ನ ತಂದೆ ಜೀವನದಲ್ಲಿ ನನ್ನನ್ನು ಬೈದದ್ದು ಅಷ್ಟೇ.

ಆ ದಿನ ಸಂಜೆ ಧಾರವಾಡಕ್ಕೆ ಹೋಗುವ ರೈಲಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತೆ. ಪಾತೇಲಿ ಹೋಯಿತೆಂದಲ್ಲ, ಒಂದು ವಾರ ಹೋಯಿತೆಂದು ಗಡುವಿಗೆ ಉಳಿದ ದಿನಗಳನ್ನು ಎಣಿಸುತ್ತಿದ್ದೆ. ಮಾರನೆಯ ದಿನ ಅಕ್ಕೋರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನಗಲಿಲ್ಲ. ಎಣ್ಣೆಯಲ್ಲಿ ಇಳಿಸುವುದು ನಿಮ್ಮವ್ವನಿಗೆ ಗೊತ್ತಿದ್ದರೆ ಆಕೆಯನ್ನೇ ಕೇಳು, ನನಗೂ ಹೇಳು ಅಂದು ಮತ್ತೊಂದಿಷ್ಟು ಸೋಡಾ ಕೊಟ್ಟರು. ಶಿಕ್ಷಕಿಯಾದವಳು ಹೀಗೂ ಮಾತಾಡಬಹುದೆಂದು ನನಗೆ ಅಂದು ಗೊತ್ತಾಯಿತು.

ಮುಂದಿನ ಶನಿವಾರ ಬಂದು ನೋಡಿದರೆ ಅವ್ವ ನನಗಾಗಿ ಕಾದಿರಲೇ ಇಲ್ಲ. ನಾನು ಹೋದ ಮರುದಿನವೇ ಬೇವಿನ ಎಲೆಗಳನ್ನು ನೆರಳಲ್ಲಿ ಹರವಿ, ಹಿಡಿದರೆ ಪಟಪಟ ಮುರಿಯುವಷ್ಟು ಒಣಗಿಸಿ, ಭರಣಿಯಲ್ಲಿ ಕೊಬ್ಬರಿ ಎಣ್ಣೆ, ಒಂದಿಷ್ಟು ಔಡಲ ಎಣ್ಣೆ ಹಾಕಿ ಅದರೊಳಗೆ ಮುಳುಗಿಸಿದ್ದಳು. ಕುಟ್ಟಿದ ಅರಿಷಿಣ ಕೊಂಬೂ ಅದರಲ್ಲಿತ್ತು. ಭರಣಿಯನ್ನು ಬಿಸಿನೀರಿನ ಹಂಡೆಯಲ್ಲಿ ಕೂರಿಸಿ ಎರಡು ಹೊತ್ತು ಬೆಚ್ಚಗೆ ಇಟ್ಟು, ಆಮೇಲೆ ಹಗಲೆಲ್ಲ ಬಿಸಿಲಲ್ಲಿ ಇಟ್ಟಿದ್ದಳಂತೆ. ಎಲೆ ಯಾಕೆ ಒಣಗಬೇಕು ಎಂದು ಕೇಳಿದೆ; ಈ ಸಲ ಕೇಳುವ ಹಾಗೆ ಕೇಳಿದೆ. ಎಲೆಯಲ್ಲಿ ನೀರು ಉಳಿದರೆ ಎಣ್ಣೆ ಕೆಟ್ಟು ನಾರುತ್ತದೆ ಅಂದಳು. ಎಷ್ಟು ಬಿಸಿ ಇರಬೇಕು ಅಂದೆ. ಕೂಸಿನ ನೀರಿಗಿಂತ ಒಂದು ಕೂದಲು ಹೆಚ್ಚು, ಕುದಿ ಬಂದರೆ ಎಲೆ ಕರಕಾಗಿ ಗುಣ ಸಾಯುತ್ತದೆ ಅಂದಳು. ಆಕೆಯ ಮಾಪನಗಳೆಲ್ಲ ಕೂಸಿನವೇ. ಕೈಗೆ ಹಳೇ ಸೀರೆಯ ಅರಿವೆ ಸುತ್ತಿಕೊಂಡಿದ್ದಳು. ನಾನು ಎಣ್ಣೆಯನ್ನೇ ನೋಡುತ್ತಿದ್ದೆ. ಕಡು ಹಸಿರು, ಅಂಚಿಗೆ ಬಂಗಾರದ ಹೊಳಪು.

ನೀರಿನ ಕಡೆಯ ಕೆಲಸವನ್ನು ಆಕೆ ನನಗೆ ಬಿಟ್ಟಳು. ಬಾಳದ ಬೇರು, ನೀವು ಲಾವಂಚ ಅನ್ನುತ್ತೀರಲ್ಲ ಅದು, ಮತ್ತು ಅರಿಷಿಣವನ್ನು ಶನಿವಾರ ಸಂಜೆ ಕುದಿಸಿ, ಮುಚ್ಚಿಟ್ಟು, ಮುಂಜಾನೆ ಪೂರಾ ಆರಿದ ಮೇಲೆ ಸೋಸಿದೆ. ಮನೆಯೆಲ್ಲ ಮೊದಲ ಮಳೆ ಬಿದ್ದ ನೆಲದ ವಾಸನೆ. ಈ ಸಲ ಪಾತ್ರೆ ಮಣ್ಣಿನದು, ಒಳಗೆ ಹೊಳಪು ಹಾಕಿದ ಉಪ್ಪಿನಕಾಯಿ ಗಡಿಗೆ. ಅಪ್ಪ ಗಿರಣಿಯಲ್ಲಿ ಬಿಸಾಡಿದ ಸಾಗವಾನಿ ತುಂಡುಗಳಿಂದ ಅಚ್ಚಿನ ಪೆಟ್ಟಿಗೆ ಮಾಡಿಟ್ಟಿದ್ದ, ಅದರ ಅಂಚೂ ಅವನ ರೊಟ್ಟಿಯಷ್ಟೇ ನೇರ.

ಹಿತ್ತಲಲ್ಲಿ, ಗಾಳಿ ಹಿಂದಿನಿಂದ ಬರುವ ಹಾಗೆ ನಿಂತು, ಹಳದಿ ಕಷಾಯಕ್ಕೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಬಿಟ್ಟೆ. ಕಷಾಯ ರಕ್ತದಂತೆ ಕೆಂಪಾಯಿತು. ನನ್ನ ಕೈ ನಿಂತಿತು. ಅಕ್ಕೋರು ಅರಿಷಿಣ ಹಾಕಿ ತೋರಿಸಿರಲಿಲ್ಲ. ವಹಿಯಲ್ಲೂ ಇದು ಇರಲಿಲ್ಲ. ಮತ್ತೆ ಕೆಟ್ಟಿತು, ಇನ್ನು ದಿನ ಉಳಿದಿಲ್ಲ ಎಂದು ನನಗೆ ಅಳು ಬಂತು. ಚೆಲ್ಲಿಬಿಡಲೆಂದು ಗಡಿಗೆಯ ಅಂಚು ಹಿಡಿದೆ.

ಅವ್ವ ಬಗ್ಗಿ ನೋಡಿದಳು. ಆಕೆಯ ಮುಖದಲ್ಲಿ ಗಾಬರಿಯ ಗೆರೆಯೂ ಇರಲಿಲ್ಲ.

“ಬಣ್ಣ ನೋಡಿ ಅಂಜಬ್ಯಾಡ ಸುಮಿ,” ಅಂದಳು. “ಹುಟ್ಟೂದೆಲ್ಲಾ ಮೊದಲ ಹಿಂಗ ಇರ್ತೈತಿ. ತಿರುವು.”

ಎಣ್ಣೆ ಸುರುವಿದಳು, ನಾನು ಮರದ ಕೋಲಿನಿಂದ ತಿರುವಿದೆ. ಕೆಂಪು ಮೆಲ್ಲಗೆ ಇಟ್ಟಂಗಿ ಬಣ್ಣವಾಯಿತು, ಇಟ್ಟಂಗಿ ಬಣ್ಣ ಜೋನಿ ಬೆಲ್ಲದ ಬಣ್ಣವಾಯಿತು. ರಟ್ಟೆ ಬಿದ್ದುಹೋಗುವ ಹೊತ್ತಿಗೆ ಅದು ದಪ್ಪ ಹಾಲಿನ ಕೆನೆಯಂತೆ ಬಿಗಿದುಕೊಂಡು ಕೋಲಿನ ಗುರುತನ್ನು ಹಿಡಿಯತೊಡಗಿತು. ಅಚ್ಚಿಗೆ ಬಗ್ಗಿಸಿ ಗೋಣಿತಟ್ಟು ಹೊದಿಸಿದೆವು. ನಾನು ಅಪ್ಪನ ಕಡೆ ಗೆದ್ದ ಜಟ್ಟಿಯಂತೆ ನೋಡಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಯಾವಾಗ ಹಚ್ಚಿಕೋಬಹುದು ಇದನ್ನ?

ಒಂದು ತಿಂಗಳು. ಸಾಬೂನು ಒಂದು ತಿಂಗಳು ಒಣಗಿ ಹದಕ್ಕೆ ಬರಬೇಕು; ಅದಕ್ಕೆ ಮುಂಚೆ ಹಚ್ಚಿದರೆ ಚರ್ಮ ಸುಡುತ್ತದೆ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಆದರೆ ಹದಿನೈದು ದಿನದಲ್ಲಿ ಕೈ ಮಾಯಿಸುತ್ತೇನೆಂದು ಅವ್ವನಿಗೆ ಮಾತು ಕೊಡುವಾಗ ಆ ತಿಂಗಳು ನನ್ನ ತಲೆಗೆ ಬಂದಿರಲಿಲ್ಲ. ಡಾಕ್ಟರಬಾಯಿ ಕೊಟ್ಟ ಗಡುವಿಗೆ ಇನ್ನು ಐದು ದಿನ. ಅಲ್ಲೇ ಗೋಣಿತಟ್ಟಿನ ಪಕ್ಕದಲ್ಲಿ ಕೂತು ಅವ್ವನ ಮುಂದೆ ಇದನ್ನು ಹೇಳಿಬಿಟ್ಟೆ. ತಪ್ಪಾತು ಅಂದೆ.

ಅವ್ವ ಕೈಗೆ ಸುತ್ತಿದ್ದ ಅರಿವೆಯನ್ನು ಒಂದೊಂದೇ ಸುತ್ತು ಬಿಚ್ಚಿದಳು. ಕೈಗಳನ್ನು ನನ್ನ ಮುಂದೆ ಹಿಡಿದಳು. ಬಿರುಕುಗಳು ಕೂಡಿದ್ದವು. ಕೀವಿದ್ದ ಕಡೆ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಭರಣಿಯ ಎಣ್ಣೆಯನ್ನು ವಾರದ ನಡುವೆಯೇ ಒಂದು ಬಟ್ಟಲು ಸೋಸಿಕೊಂಡು ದಿನಾ ಮೂರು ಹೊತ್ತು ಹಚ್ಚಿ ಅರಿವೆ ಸುತ್ತುತ್ತಿದ್ದಳು. ನಾನು ಬಂದಾಗಿನಿಂದ ಎಣ್ಣೆ ನೋಡಿದೆ, ಕಷಾಯ ನೋಡಿದೆ, ಅಚ್ಚು ನೋಡಿದೆ; ಯಾರ ಕೈಗಾಗಿ ಇದನ್ನೆಲ್ಲ ಮಾಡುತ್ತಿದ್ದೆನೋ ಆ ಕೈಯನ್ನು ಒಂದು ಸಲ ಬಿಚ್ಚಿ ನೋಡಿರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಅವ್ವನಿಗೆ ಅದು ತಿಳಿಯಿತು. ನಿನ್ನ ಸಾಬೂನೂ ಬೇಕು, ಎಣ್ಣಿ ಮಾಯಿಸ್ತೈತಿ, ಮತ್ತ ಒಡೀದಂಗ ಕಾಯೂದು ಯಾವುದು ಎಂದು ಕೇಳಿದಳು. ಈಗ ಯೋಚಿಸಿದರೆ ಅದು ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಆಗ ನಾನು ನಂಬಿದೆ. ಆಮೇಲೆ ಅದು ಖರೆಯೂ ಆಯಿತು.

ಗಡುವಿನ ದಿನ ಡಾಕ್ಟರಬಾಯಿ ಅವ್ವನ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರಂತೆ. ಏನು ಹಚ್ಚಿದಿ ಅಂದರಂತೆ. ಹೇಳಿದಳು. ಒಳಗ ನಡಿ, ಎರಡನೇ ನಂಬರ್ ಕಾಟಿನಾಕಿ ಬ್ಯಾನಿ ತಿನ್ನಾಕತ್ತಾಳ ಎಂದು ಅವರು ಮುಂದೆ ನಡೆದರಂತೆ. ಅಂದು ನಾಲ್ಕು ಬಂದ್ವು ಎಂದು ಅಪ್ಪ ನನಗೆ ಕಾರ್ಡು ಬರೆದ. ಹಾಸ್ಟೆಲಿನ ಗೆಳತಿಯರು ಓದಿ, ಮನೆಗೆ ಯಾರು ಬಂದರೆಂದು ಕೇಳಿದರು.

ತಿಂಗಳ ಮೇಲೆ ಸಾಬೂನು ಹದಕ್ಕೆ ಬಂತು. ಹಳದಿಯೂ ಅಲ್ಲ ಕೆಂಪೂ ಅಲ್ಲ, ಒಣಗಿದ ಚೆಂಡುಹೂವಿನ ಎಸಳಿನ ಬಣ್ಣ. ನೊರೆ ಕಡಿಮೆ, ಕೈ ಮಾತ್ರ ತೊಳೆದ ಮೇಲೂ ಮೆತ್ತಗೆ. ಅವ್ವ ವಾರ್ಡಿನ ಕೆಲಸ ಮುಗಿದಾಗಲೆಲ್ಲ ಅದರಲ್ಲೇ ಕೈ ತೊಳೆದುಕೊಂಡು ಮೇಲೆ ಎಣ್ಣೆ ಹಚ್ಚುತ್ತಿದ್ದಳು. ಮತ್ತೆ ಆ ಕೈ ಒಡೆಯಲಿಲ್ಲ. ಡಾಕ್ಟರಬಾಯಿ ಒಂದು ಬಿಲ್ಲೆ ಕೇಳಿ ಒಯ್ದರು. ಅಕ್ಕೋರಿಗೂ ಒಂದು ಕೊಟ್ಟೆ. ಅವರು ಮುಂದಿನ ವರ್ಷದ ಪಾಠದಲ್ಲಿ ಎಣ್ಣೆಗೆ ಎಲೆ ಇಳಿಸುವುದನ್ನು ಸೇರಿಸಿದರು.

ಹೀಗಿರುವಾಗ ಕೇಶ್ವಾಪುರದ ಕಾಳಿನ ವ್ಯಾಪಾರಸ್ಥರೊಬ್ಬರ ಮಗಳು ವಾರ್ಡಿನಲ್ಲಿ ಹಡೆದಳು. ಕೂಸು ಅವ್ವನ ಕೈಗೇ ಬಂದದ್ದು. ಆ ಬಾಣಂತಿಗೆ ಅವ್ವನ ಕೈಯ ವಾಸನೆ ಸೇರಿತು. ಮನೆಗೆ ಹೋದ ಮೇಲೆ ಕೂಸಿನ ಮೈಮೇಲೆ ಬೊಕ್ಕೆಗಳು ಎದ್ದವಂತೆ. ಆ ಸಾಬೂನು ಒಂದು ತಂದುಕೊಡಬೇಕೆಂದು ಹೇಳಿ ಕಳಿಸಿದಳು. ಮಾರುವ ವಿಚಾರ ನಮಗಿರಲಿಲ್ಲ. ಅವ್ವ ಇರುವುದರಲ್ಲಿ ನುಣ್ಣಗಿನ ಬಿಲ್ಲೆ ಆರಿಸಿ, ಬಾಳೆ ಎಲೆಯಲ್ಲಿ ಸುತ್ತಿ, ಒಗೆದ ಇಳಕಲ್ ಸೀರೆ ಉಟ್ಟು ಹೊರಟಳು. ರವಿವಾರವಾದ್ದರಿಂದ ನಾನೂ ಜೊತೆಗೆ ಹೋದೆ.

ದೊಡ್ಡ ಮನೆ, ಎತ್ತರದ ಕಟ್ಟೆ. ಬಾಗಿಲಿಗೆ ಬಂದದ್ದು ಮುದುಕಿ, ಬಾಣಂತಿಯ ತಾಯಿ. ಹಣೆಯ ಮೇಲೆ ವಿಭೂತಿ, ಮಾತು ಮೆತ್ತಗೆ. ಬಾ ಫಕೀರವ್ವಾ ಅಂದಳು, ಮೊಮ್ಮಗ ಹೇಗಿದ್ದಾನೆಂದು ಹೇಳಿದಳು, ನಾನು ಯಾರೆಂದು ಕೇಳಿದಳು. ಎಲ್ಲ ಆದ ಮೇಲೆ, ಸಾಬೂನು ಆ ಕಟ್ಟೆಯ ಮೇಲೆ ಇಡು, ತೊಗೋತೇವಿ ಅಂದಳು. ಬೈದು ಹೇಳಿದ್ದಲ್ಲ. ಚಪ್ಪಲಿ ಅಲ್ಲಿ ಬಿಡು ಅನ್ನುವಷ್ಟು ಸಲೀಸಾಗಿ ಹೇಳಿದ್ದು.

ನಾನು ಕಲಿತವಳು, ಮುಂದೆ ಶಿಕ್ಷಕಿಯಾಗುವವಳು. ನನ್ನ ಧೈರ್ಯ ಹೇಳಲೇ? ಅವ್ವನ ಕೈಯಿಂದ ಇಸಿದುಕೊಂಡು ಕಟ್ಟೆಯ ಮೇಲಿಟ್ಟು ಲಗೂ ಹೊರಟುಬಿಡೋಣ ಎಂದು ಕೈ ಚಾಚಿದೆ. ಅವ್ವ ಕೊಡಲಿಲ್ಲ. ಬಾಳೆ ಎಲೆಯ ಪೊಟ್ಟಣವನ್ನು ಅಂಗೈ ಮೇಲಿಟ್ಟು ಮುದುಕಿಯ ಕಡೆಗೆ ಹಿಡಿದಳು.

“ಅಮ್ಮಾರ, ನಿಮ್ಮ ಮೊಮ್ಮಗನ್ನ ಭೂಮಿಗೆ ಬೀಳಗೊಡದ ಹಿಡಿದದ್ದು ಈ ಕೈ,” ಅಂದಳು. “ಇದರಿಂದನ ತೊಗೋರಿ.”

ಒಳಗೆ ಬಾಣಂತಿ ಕೂಸನ್ನು ಎತ್ತಿಕೊಂಡು ಬಾಗಿಲ ಹಿಂದೆ ಬಂದು ನಿಂತದ್ದು ಕಾಣಿಸಿತು. ಮುದುಕಿ ಮೊದಲು ಸೆರಗು ಒಡ್ಡಿದಳು, ಮೇಲಿನಿಂದ ಹಾಕು ಅನ್ನುವ ಹಾಗೆ. ಅವ್ವ ಹಾಕಲಿಲ್ಲ, ಕೈ ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಓಣಿಯಲ್ಲಿ ಒಂದು ಟಾಂಗಾ ಹೋಯಿತು. ಅದರ ಗಂಟೆಯ ಸಪ್ಪಳ ಮುಗಿಯುವ ತನಕ ಇಬ್ಬರೂ ಹಾಗೇ ನಿಂತಿದ್ದರು. ಆಮೇಲೆ ಮುದುಕಿ ಸೆರಗು ಬಿಟ್ಟಳು. ಕೈ ಚಾಚಿ, ಅವ್ವನ ಅಂಗೈ ಮೇಲಿನಿಂದ ಪೊಟ್ಟಣವನ್ನು ಎತ್ತಿಕೊಂಡಳು. ಬೆರಳಿಗೆ ಬೆರಳು ತಾಗಿತು. ಎಷ್ಟ ಹೊತ್ತ ನೆನಸಬೇಕು ಇದನ್ನ ಎಂದು ಕೇಳಿದಳು. ನೆನಸೂದು ಬ್ಯಾಡ್ರಿ, ತೊಯ್ಸಿ ಅಂಗೈಯಾಗ ತಿಕ್ಕಿ ಕೂಸಿಗೆ ಹಚ್ಚರಿ, ಕಣ್ಣಿಗೆ ಹೋಗದಂಗ ನೋಡ್ರಿ ಎಂದು ಅವ್ವ ಹೇಳಿಕೊಟ್ಟಳು.

ಹೊರಟೆವು. ಅವ್ವ ತಲೆ ಎತ್ತಿ, ಸೆರಗು ಸರಿಮಾಡಿಕೊಂಡು, ಓಣಿಯ ನಡುವೆ ನಡೆದಳು. ನಾನು ಆಕೆಯ ಹೆಜ್ಜೆಗೆ ಹೆಜ್ಜೆ ಹಾಕಲು ಓಡುತ್ತಿದ್ದೆ. ತಿರುವು ದಾಟಿದ ಮೇಲೆ ಒಂದು ಮೋರಿಯ ಕಟ್ಟೆ ಸಿಕ್ಕಿತು. ಅವ್ವ ಅದರ ಮೇಲೆ ದಪ್ಪನೆ ಕೂತುಬಿಟ್ಟಳು. ಮೊಣಕಾಲು ನಡಗಾಕತ್ತಾವ, ನಿನಗ ಕಾಣಲಿಲ್ಲೇನು ಅಂದಳು. ಕಾಣಲಿಲ್ಲ ಅಂದೆ. ಛಲೋ ಆತು ಅಂದಳು. ಇಬ್ಬರಿಗೂ ನಗು ಬಂತು, ನಿಲ್ಲಲೊಲ್ಲದು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು.

ನಗು ನಿಂತ ಮೇಲೆ ನನಗೆ ಕೇಳದೆ ಇರಲಾಗಲಿಲ್ಲ. ಆಕೆ ಕೈ ಚಾಚದೆ ಹೋಗಿದ್ದರೆ ಏನು ಮಾಡುತ್ತಿದ್ದಿ ಎಂದು ಕೇಳಿದೆ.

“ಏನ ಮಾಡೂದು?” ಅಂದಳು ಅವ್ವ, ಸೀರೆಯ ನಿರಿಗೆ ಕೊಡವಿ ಏಳುತ್ತ. “ಮನಿಗೆ ತಂದು ನಾವ ಮೈ ತೊಳಕೋತಿದ್ವಿ. ಛಲೋ ಸಾಬೂನವಾ ಅದು.”